ಹೊಸ ಪ್ರತಿ ಹುಟ್ಟುವ ಮುನ್ನ

ಹಿಂದೆ ನಮ್ಮ ನಾಡಿನ ಶಾನುಭೋಗರೂ ವರ್ತಕರೂ ಮಠಗಳ ಪಾರುಪತ್ತೇಗಾರರೂ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದುದು ಕಡತದಲ್ಲಿ. ಇಂದು ಕಛೇರಿಯ ಕಾಗದದ ಕಟ್ಟಿಗೆ ನಾವು ಕಡತವೆನ್ನುತ್ತೇವೆ. ಮೊದಲಿನ ಕಡತವೇ ಬೇರೆ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕರಿಯ ಹಲಗೆಯ ಮೇಲೆ ಬಿಳಿಯ ಅಕ್ಷರ ಕಂಡ ಹಾಗೆ ಕಾಣುತ್ತಿತ್ತು. ಶೃಂಗೇರಿ ಮಠದ ಕಡತಗಳು ಚರಿತ್ರೆ ಬರೆಯುವವರಿಗೆ ಆಧಾರವಾಗಿ ಒದಗಿವೆ. ಈ ಕಡತಕ್ಕೆ ಒಂದು ಗುಣವುಂಟು. ಅದೇ ಅದರ ದೋಷವೂ ಹೌದು. ಬರೆದದ್ದನ್ನು ಒರಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು.

ಕಂಪ್ಯೂಟರಿನ ಫೈಲಿಗೂ ಕನ್ನಡದವರು ಕಡತವೆಂಬ ಹೆಸರನ್ನೇ ಇಟ್ಟರು. ತಿಳಿದು ಇಟ್ಟರೋ ತಿಳಿಯದೆ ಇಟ್ಟರೋ, ಹೆಸರಂತೂ ಅನ್ವರ್ಥವಾಗಿದೆ. ವ್ಯತ್ಯಾಸ ಒಂದೇ. ಬಟ್ಟೆಯ ಕಡತವನ್ನು ಒರಸುವವನು ಮನುಷ್ಯ. ಒರಸುವ ಮುನ್ನ ಅವನ ಕಣ್ಣು ಅದರ ಮೇಲೆ ಒಂದು ಸಲವಾದರೂ ಹಾಯುತ್ತದೆ. ಯಂತ್ರದ ಕಡತವನ್ನು ಎಷ್ಟೋ ಸಲ ಯಂತ್ರವೇ ಒರಸಿ ಬರೆಯುತ್ತದೆ. ಅದು ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಹೆಸರು ಮಾತ್ರ. ಆ ಹೆಸರಿನಲ್ಲಿ ಮೊದಲೇ ಏನಾದರೂ ಇದ್ದರೆ ಅದು ಹೋಗುತ್ತದೆ.

ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ, ಕೈ ಸುಟ್ಟುಕೊಂಡು ತಿಳಿದದ್ದು. ನಮ್ಮ ಶಾಲೆಯ ಹುಡುಗರು ಎರಡು ಬೇಸಗೆ ರಜೆಗಳಲ್ಲಿ ಸುತ್ತಲಿನ ಹಳ್ಳಿಗಳ ಹಿರಿಯರನ್ನು ಕೇಳಿ ಬೇಸಾಯದ ಮಾತುಗಳನ್ನು ಕೂಡಿಹಾಕಿದರು. ಮೇಣಿ, ಈಸು, ಕುಳ, ಕೂರಿಗೆ, ಕುಂಟೆ ಮೊದಲಾಗಿ ಸುಮಾರು ಒಂಬೈನೂರು ಮಾತುಗಳಾದುವು. ಒಂದೊಂದು ಮಾತಿಗೂ ಒಂದೊಂದು ಚಿಕ್ಕ ಕಡತ. ಹಿಂದಿನ ನಿಘಂಟುಕಾರರ ಚೀಟಿ ಇದ್ದಂತೆ. ಕಂಪ್ಯೂಟರ್ ಕಸುಬಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಚೀಟಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ತಲೆಬರಹ ಹಾಕಿ, ಪುಟಸಂಖ್ಯೆ ಕೊಟ್ಟು ಒಂದು ಪುಸ್ತಕವನ್ನಾಗಿ ಕಟ್ಟುವ ಏರ್ಪಾಟನ್ನು ಮಾಡಿಕೊಟ್ಟ. ಒಂದು ಆಜ್ಞೆ ಕೊಟ್ಟರೆ ಸಾಕು, ಅರ್ಧ ನಿಮಿಷದಲ್ಲಿ ನಿಘಂಟು ಸಿದ್ಧ. ಇದೇ ಕೆಲಸಕ್ಕೆ ನಮ್ಮ ಗುರುಗಳ ಕಾಲದಲ್ಲಿ ಚೀಟಿಯ ಪೆಟ್ಟಿಗೆಗಳನ್ನು ಹರಡಿಕೊಂಡು ತಿಂಗಳುಗಟ್ಟಲೆ ಕೂಡಬೇಕಾಗಿತ್ತು.

ಸಿದ್ಧವಾದ ಪುಸ್ತಕವನ್ನು ತೆರೆದು ನಾನು ತಿದ್ದಲು ಕುಳಿತೆ. ಮೂರು ವಾರ, ದಿನವೂ ಸಂಜೆ. ಕಾಗುಣಿತದ ತಪ್ಪು, ಅರ್ಥದ ತಪ್ಪು, ಒಂದೇ ಮಾತು ಎರಡು ಕಡೆ ಬಂದದ್ದು, ಎಲ್ಲವನ್ನೂ ಸರಿಪಡಿಸುತ್ತ ಹೋದೆ. ಆ ನಡುವೆ ಪಕ್ಕದ ಹಳ್ಳಿಯ ಹಿರಿಯರೊಬ್ಬರ ಪರಿಚಯವಾಯಿತು. ತಾರುಣ್ಯದಲ್ಲಿ ಕಪಿಲೆ ಹೊಡೆದವರು. ಜೋಡಿ ಎತ್ತುಗಳಿಂದ ಬಾವಿಯ ನೀರನ್ನು ಎಳೆಸುವ ಆ ಪದ್ಧತಿ ಪಂಪು ಬಂದ ಮೇಲೆ ಕಣ್ಮರೆಯಾಯಿತು. ಅದರ ಜೊತೆಯಲ್ಲಿ ಅದರ ಮಾತುಗಳೂ ಹೋದವು. ಬಾನಿ, ಮಿಣಿ ಎಂಬವು ನನಗೂ ಗೊತ್ತಿದ್ದವು. ಅವರು ಹೇಳಿದ್ದು ಬೇರೆ. ಎತ್ತುಗಳು ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ಹತ್ತುವಾಗ ಹಾಕುವ ಕೂಗಿಗೆ ಒಂದು ಹೆಸರು, ಬಾನಿ ಅರೆತುಂಬಿ ಮೇಲೆ ಬಂದರೆ ಅದಕ್ಕೊಂದು ಹೆಸರು, ಹೀಗೆ ಹನ್ನೊಂದು ಮಾತು. ಅವರ ಜಗಲಿಯ ಮೇಲೆ ಕುಳಿತು ಕೇಳಿದೆ, ರಾತ್ರಿ ಮನೆಗೆ ಬಂದು ನೇರವಾಗಿ ಪುಸ್ತಕದಲ್ಲೇ ಸೇರಿಸಿದೆ. ಬೇರೊಂದು ಕಾಗದದಲ್ಲಿ ಬರೆದುಕೊಂಡೆನೆ? ಇಲ್ಲ. ಯಂತ್ರದಲ್ಲಿ ಇದೆಯಲ್ಲ ಎಂಬ ಧೈರ್ಯ. ಮಳೆಗಾಲದ ಮೊದಲಲ್ಲಿ ಅವರು ತೀರಿಕೊಂಡರು.

ಅದಾದ ಹತ್ತು ದಿವಸಕ್ಕೆ ಹುಡುಗನೊಬ್ಬ ತನ್ನ ಅಜ್ಜಿಯಿಂದ ಹೊಸ ಮಾತೊಂದನ್ನು ಕೇಳಿ ತಂದ. ಅದಕ್ಕೊಂದು ಚೀಟಿ ಮಾಡಿ ಆಜ್ಞೆ ಕೊಟ್ಟ. ಅರ್ಧ ನಿಮಿಷವಾಯಿತು. ಅಜ್ಜಿಯ ಮಾತು ಪುಸ್ತಕದಲ್ಲಿ ಬಂದಿತ್ತು. ನನ್ನ ಮೂರು ವಾರ ಇರಲಿಲ್ಲ. ಹನ್ನೊಂದು ಮಾತೂ ಇರಲಿಲ್ಲ.

ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. "ಮೇಷ್ಟ್ರೇ, ಪುಸ್ತಕದಲ್ಲಿ ತಿದ್ದಿದ್ರಾ? ಚೀಟಿಗಳಲ್ಲಿ ತಿದ್ದಬೇಕಿತ್ತು. ಪುಸ್ತಕ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತೆ" ಎಂದ.

"ಹಾಗಾದರೆ ಹಳೆಯದು ಏನಾಗುತ್ತಪ್ಪ?"

"ಅದರ ಮೇಲೇ ಹುಟ್ಟುತ್ತೆ, ಮೇಷ್ಟ್ರೇ."

ಹೀಗೇಕೆ ಆಗುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಈ ಬಗೆಯ ಕೆಲಸವನ್ನು ಆ ಕಸುಬಿನವರು 'ಬಿಲ್ಡ್' ಎನ್ನುತ್ತಾರೆ, ಕಟ್ಟುವುದು ಎಂದರ್ಥ. ಒಂದು ಕಡೆ ಮೂಲ, ಇನ್ನೊಂದು ಕಡೆ ಫಲ, ನಡುವೆ ವಿಧಿ. ಕಡಲೆಬೇಳೆ, ಬೆಲ್ಲ, ಹಿಟ್ಟು ಮೂಲ, ಹೋಳಿಗೆ ಫಲ, ಮಾಡುವ ಕ್ರಮ ವಿಧಿ. ವಿಧಿಯನ್ನು ಒಂದು ಸಲ ಬರೆದಿಟ್ಟರೆ ಯಂತ್ರ ಬೇಸರವಿಲ್ಲದೆ ನೂರು ಸಲ ನಡೆಸುತ್ತದೆ. ಕಂಪ್ಯೂಟರಿನ ಕ್ರಮವಿಧಿಗಳು ತಯಾರಾಗುವುದೂ ಹೀಗೆಯೇ, ಅನೇಕ ವೆಬ್‌ಸೈಟುಗಳ ಪುಟಗಳು ತಯಾರಾಗುವುದೂ ಹೀಗೆಯೇ.

ಈ ಕಟ್ಟುವ ಕೆಲಸಕ್ಕಾಗಿ ೧೯೭೬ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ ಎಂಬವರು 'ಮೇಕ್' ಎಂಬ ಕ್ರಮವಿಧಿಯನ್ನು ಬರೆದರು. ಅದೂ ಅದರ ಸಂತತಿಯೂ ಇಂದಿಗೂ ಬಳಕೆಯಲ್ಲಿವೆ. ಅದು ಹುಟ್ಟಿದ ಸಂದರ್ಭ ಸ್ವಾರಸ್ಯವಾಗಿದೆ. ಅವರ ಸಹೋದ್ಯೋಗಿಯೊಬ್ಬರು ಒಂದು ತಪ್ಪನ್ನು ಮೂಲದಲ್ಲಿ ಆಗಲೇ ಸರಿಪಡಿಸಿದ್ದರು; ಆದರೆ ಅದನ್ನು ಮತ್ತೆ ಕಟ್ಟದೆ, ಹಳೆಯ ಫಲವನ್ನೇ ಪರೀಕ್ಷಿಸುತ್ತ, ಇಲ್ಲದ ತಪ್ಪನ್ನು ಹುಡುಕುವುದರಲ್ಲಿ ಬೆಳಗಿನ ಹೊತ್ತನ್ನೆಲ್ಲ ಕಳೆದರು. ಹಾಗಾಗದಿರಲೆಂದು ಫೆಲ್ಡ್‌ಮನ್ನರು ಈ ಉಪಾಯ ಹೂಡಿದರು. ಅಂದರೆ ಹಳೆಯ ಫಲವನ್ನು ನಂಬಬಾರದು ಎಂಬ ಭಾವನೆಯಿಂದಲೇ ಈ ಏರ್ಪಾಟು ಹುಟ್ಟಿತು. ಹಳೆಯದಕ್ಕೆ ಅಲ್ಲಿ ಬೆಲೆಯಿಲ್ಲ, ಅದು ತಂಗಳು. ಆ ತಂಗಳಿನಲ್ಲಿ ಯಾರಾದರೂ ಒಂದು ಚಿನ್ನದ ಉಂಗುರವನ್ನು ಬಚ್ಚಿಟ್ಟಿರಬಹುದೆಂಬ ಯೋಚನೆ ಅದಕ್ಕೆ ಬರಬೇಕಾಗಿಲ್ಲ.

ಮೇಕ್ ಲೆಕ್ಕ ಹಾಕುವುದು ಕಾಲದಿಂದ. ಪ್ರತಿಯೊಂದು ಕಡತದ ಮೇಲೂ ಅದನ್ನು ಕೊನೆಯ ಸಲ ಮುಟ್ಟಿದ ವೇಳೆ ಗುರುತಾಗಿರುತ್ತದೆ. ಮೂಲದ ವೇಳೆ ಫಲದ ವೇಳೆಗಿಂತ ಈಚಿನದಾಗಿದ್ದರೆ ಮತ್ತೆ ಕಟ್ಟಬೇಕು, ಇಲ್ಲವಾದರೆ ಸುಮ್ಮನಿರಬೇಕು. ನಿಯಮ ಇಷ್ಟೆ. ಇದರಲ್ಲಿ ನನ್ನಂಥವರಿಗೆ ಒಂದು ಗುಂಡಿ ಕಾದಿರುತ್ತದೆ. ನಾನು ಪುಸ್ತಕವನ್ನು ಕೈಯಿಂದ ತಿದ್ದಿದಾಗ ಪುಸ್ತಕದ ವೇಳೆ ಚೀಟಿಗಳ ವೇಳೆಗಿಂತ ಈಚಿನದಾಯಿತು. ಆ ಮೂರು ವಾರದಲ್ಲಿ ಹುಡುಗರು ಎರಡು ಸಲ ಆಜ್ಞೆ ಕೊಟ್ಟು ನೋಡಿದ್ದರಂತೆ. ಮಾಡಬೇಕಾದದ್ದು ಏನೂ ಇಲ್ಲ ಎಂದು ಯಂತ್ರ ಸುಮ್ಮನಾಗಿತ್ತು. ತಿದ್ದಿದ್ದು ಉಳಿಯುತ್ತದೆ ಎಂದು ನಮಗೆಲ್ಲ ನಂಬಿಕೆ ಬಂತು. ಅಜ್ಜಿಯ ಒಂದು ಹೊಸ ಚೀಟಿ ಸೇರಿದ್ದೇ ತಡ, ಮೂಲ ಈಚಿನದಾಯಿತು, ಪುಸ್ತಕ ತಂಗಳಾಯಿತು. ತಪ್ಪು ಮಾಡಿದ ದಿವಸವೇ ಶಿಕ್ಷೆಯಾಗಿದ್ದರೆ ಹತ್ತು ನಿಮಿಷದ ಕೆಲಸ ಹೋಗುತ್ತಿತ್ತು. ಶಿಕ್ಷೆ ತಡವಾಗಿ ಬಂದದ್ದರಿಂದ ಇಷ್ಟು ಹೋಯಿತು.

ಮತ್ತೊಂದು ಸಂಗತಿ ಬಹುಮಂದಿಗೆ ತಿಳಿಯದು. ಇದ್ದ ಕಡತವನ್ನು ಬರೆಯುವುದಕ್ಕಾಗಿ ಯಂತ್ರ ತೆರೆದಾಗ, ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಅದನ್ನು ಬರಿದುಮಾಡುವುದು. ಹೊಸ ಪ್ರತಿಯ ಮೊದಲ ಅಕ್ಷರ ಬೀಳುವ ಮುಂಚೆಯೇ ಹಳೆಯ ಪ್ರತಿಯ ಉದ್ದ ಸೊನ್ನೆಯಾಗಿರುತ್ತದೆ. ಆ ಅರ್ಧ ನಿಮಿಷದ ನಡುವೆ ಕರೆಂಟು ಹೋಯಿತೆನ್ನಿ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಬಲ್ಲವರು ಇದಕ್ಕೆ ಮಾಡುವ ಉಪಾಯ ಸರಳವಾದದ್ದು. ಹೊಸ ಪ್ರತಿಯನ್ನು ಮೊದಲು ಬೇರೊಂದು ಹೆಸರಿನಲ್ಲಿ ಪೂರ್ತಿ ಬರೆಯುವುದು. ಅದು ಮುಗಿದ ಮೇಲೆ ಹೆಸರನ್ನು ಮಾತ್ರ ಬದಲಾಯಿಸಿ ಹಳೆಯದರ ಸ್ಥಾನದಲ್ಲಿ ಕೂರಿಸುವುದು. ಹೆಸರು ಬದಲಾಗುವುದು ಒಂದೇ ಹೆಜ್ಜೆಯ ಕೆಲಸ. ಅರ್ಧ ಬದಲಾದ ಹೆಸರು ಎಂಬುದು ಕಾಣಿಸಿಕೊಳ್ಳುವುದಿಲ್ಲ. ನಮ್ಮ ಲಿಪಿಕಾರರು ಮಾಡುತ್ತಿದ್ದುದೂ ಇದನ್ನೇ ಅಲ್ಲವೆ? ಜೀರ್ಣವಾದ ಓಲೆಯ ಗ್ರಂಥವನ್ನು ಎದುರಿಗಿಟ್ಟುಕೊಂಡು ಹೊಸ ಓಲೆಯ ಮೇಲೆ ಬರೆಯುತ್ತಿದ್ದರು. ಹಳೆಯ ಓಲೆಯನ್ನು ಹೆರೆದು ಅದರ ಮೇಲೆಯೇ ಬರೆಯಲು ಹೊರಡುತ್ತಿರಲಿಲ್ಲ.

ಆದರೆ ಈ ಉಪಾಯ ಕರೆಂಟಿನಿಂದ ಕಾಪಾಡೀತು, ನನ್ನ ಹನ್ನೊಂದು ಮಾತುಗಳನ್ನು ಕಾಪಾಡದು. ಅದಕ್ಕೆ ಬೇಕಾದದ್ದು, ಕಟ್ಟುವ ಆಜ್ಞೆಯ ಮೊದಲ ಹೆಜ್ಜೆಯಾಗಿ ಹಳೆಯ ಫಲದ ಒಂದು ನಕಲನ್ನು ತೆಗೆದು ಬೇರೆ ಕಡೆ ಇಡುವುದು. ಕೇಳುವುದಕ್ಕೆ ಸುಲಭ. ಮಾಡಲು ಹೊರಟರೆ ನಾಲ್ಕಾರು ಕಡೆ ಕಾಲು ಜಾರುತ್ತದೆ.

ನನ್ನ ವಿದ್ಯಾರ್ಥಿ ಮೊದಲು ಮಾಡಿಕೊಟ್ಟದ್ದು ಹೀಗೆ: ಕಟ್ಟುವ ಮುನ್ನ ಪುಸ್ತಕದ ನಕಲು 'ನಿಘಂಟು-ಹಳೆಯದು' ಎಂಬ ಹೆಸರಿನಲ್ಲಿ ಉಳಿಯುತ್ತಿತ್ತು. ನನಗೆ ಸಮಾಧಾನವಾಯಿತು. ಒಂದು ದಿವಸ ಕೂತು ಯೋಚಿಸಿದೆ. ಒಂದು ಸಲ ಕಟ್ಟಿದಾಗ ಒಳ್ಳೆಯ ಪ್ರತಿ ಹಳೆಯದಾಗಿ ಉಳಿಯುತ್ತದೆ, ಕೆಟ್ಟ ಪ್ರತಿ ಮುಂದೆ ಬರುತ್ತದೆ. ನಾನು ಗಾಬರಿಯಲ್ಲಿ ಇನ್ನೊಂದು ಸಲ ಆಜ್ಞೆ ಕೊಟ್ಟರೆ? ಕೆಟ್ಟದ್ದೇ ಹಳೆಯದರ ಸ್ಥಾನಕ್ಕೆ ಹೋಗಿ ಕೂತುಕೊಳ್ಳುತ್ತದೆ, ಒಳ್ಳೆಯದು ಎರಡು ಕಡೆಯೂ ಇಲ್ಲದಂತಾಗುತ್ತದೆ. ಕೆಲಸ ಕೆಟ್ಟಾಗ ಮನುಷ್ಯ ಮಾಡುವ ಮೊದಲ ಕೆಲಸವೇ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತುವುದು! ಆದ್ದರಿಂದ ಕಾದಿಡುವ ಪ್ರತಿ ಎಂದೂ ಇನ್ನೊಂದು ಕಾದಿಟ್ಟ ಪ್ರತಿಯ ಮೇಲೆ ಬೀಳಬಾರದು. ಹೆಸರಿನಲ್ಲಿ ವರ್ಷ, ತಿಂಗಳು, ದಿವಸ, ಗಂಟೆ, ನಿಮಿಷ, ಸೆಕೆಂಡುಗಳನ್ನು ಸೇರಿಸಿಬಿಟ್ಟರೆ ಪ್ರತಿಯೊಂದೂ ಬೇರೆಯಾಗುತ್ತದೆ. ವರ್ಷವನ್ನು ಮೊದಲು ಬರೆದರೆ ಹೆಸರುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. 'ಗ್ನೂ' ಎಂಬ ಬಳಗದ ನಕಲಿಸುವ ಸಾಧನದಲ್ಲಿ, ಕೇಳಿಕೊಂಡರೆ, ಹೆಸರಿನ ಕೊನೆಗೆ ೧, ೨, ೩ ಎಂದು ಅಂಕೆ ಹಾಕುತ್ತ ಹಳೆಯವನ್ನೆಲ್ಲ ಉಳಿಸುವ ಏರ್ಪಾಟು ಉಂಟು. ಕೇಳಿಕೊಳ್ಳದಿದ್ದರೆ ಅದೂ ಮೇಲೆಯೇ ಬರೆಯುತ್ತದೆ.

ನಕಲು ಆಗದಿದ್ದರೆ ಕಟ್ಟುವ ಕೆಲಸ ಮುಂದೆ ಹೋಗಕೂಡದು. ಡಿಸ್ಕಿನಲ್ಲಿ ಜಾಗ ಮುಗಿದು ನಕಲು ಅರ್ಧಕ್ಕೆ ನಿಂತಿರಬಹುದು. ವಿಧಿಯಲ್ಲಿ ಸ್ಪಷ್ಟವಾಗಿ ಹೇಳದಿದ್ದರೆ ಯಂತ್ರ ಅದನ್ನು ಲಕ್ಷಿಸದೆ ಮುಂದಿನ ಹೆಜ್ಜೆಗೆ ಹೋಗಿಬಿಡಬಹುದು. ನಕಲನ್ನೂ ಮೂಲವನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಸರಿಯಿದ್ದರೆ ಮಾತ್ರ ಮುಂದುವರಿ ಎಂದು ಬರೆಯಬೇಕು. ಹಾಗೆಯೇ ಕಾದಿಟ್ಟ ಪ್ರತಿಯನ್ನು ಫಲ ಬೀಳುವ ಫೋಲ್ಡರಿನಲ್ಲಿಯೇ ಇಡಕೂಡದು. ಅನೇಕ ಏರ್ಪಾಟುಗಳಲ್ಲಿ 'ಶುಚಿಮಾಡು' ಎಂಬ ಇನ್ನೊಂದು ಆಜ್ಞೆ ಇರುತ್ತದೆ. ಆ ಫೋಲ್ಡರನ್ನು ಅದು ಬುಡಸಮೇತ ತೆಗೆದುಹಾಕುತ್ತದೆ. ಕಣ ಗುಡಿಸುವವನು ಮೂಲೆಯಲ್ಲಿಟ್ಟ ಬೀಜದ ಚೀಲವನ್ನೂ ಗುಡಿಸಿಕೊಂಡು ಹೋದಂತೆ.

ಇದಕ್ಕಿಂತ ಜಾಣತನದ ದಾರಿಯೂ ಒಂದುಂಟು. ೧೯೯೩ರಲ್ಲಿ ಆರಂಭವಾದ 'ಡೆಬಿಯನ್' ಎಂಬ ಉಚಿತ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಹೊಸ ಆವೃತ್ತಿ ಬಂದಾಗ ಹಳೆಯ ಸಜ್ಜಿಕೆಯ ಕಡತಗಳನ್ನು ಬದಲಾಯಿಸಬೇಕಾಗುತ್ತದೆ. ಯಜಮಾನ ಅವುಗಳಲ್ಲಿ ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು. ಆದ್ದರಿಂದ ಆ ವ್ಯವಸ್ಥೆ, ತಾನು ಹಿಂದೆ ಇಟ್ಟ ಕಡತದ ಒಂದು ಅಂಕೆಯ ಮುದ್ರೆಯನ್ನು ನೆನಪಿನಲ್ಲಿಟ್ಟಿರುತ್ತದೆ. ಕಡತದ ಅಕ್ಷರಗಳಿಂದ ಲೆಕ್ಕ ಹಾಕಿ ತೆಗೆದ ಅಂಕೆ ಅದು. ಒಂದು ಅಕ್ಷರ ಬದಲಾದರೂ ಅಂಕೆ ಬದಲಾಗುತ್ತದೆ. ಈಗಿರುವ ಕಡತದ ಮುದ್ರೆ ತಾಳೆಯಾದರೆ ಯಾರೂ ಮುಟ್ಟಿಲ್ಲವೆಂದು ತಿಳಿದು ಹೊಸದನ್ನು ಹಾಕುತ್ತದೆ. ಯಜಮಾನನೂ ತಿದ್ದಿ ಹೊಸ ಆವೃತ್ತಿಯೂ ಬದಲಾಗಿದ್ದರೆ ನಿಂತು ಕೇಳುತ್ತದೆ: ನಿಮ್ಮದನ್ನು ಉಳಿಸಲೆ, ಹೊಸದನ್ನು ಹಾಕಲೆ? ಹೊಸದೆಂದರೆ ಹಳೆಯದನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕೆ ಇಡುತ್ತದೆ. ಹಳೆಯದೆಂದರೆ ಹೊಸದನ್ನು ಪಕ್ಕಕ್ಕೆ ಇಡುತ್ತದೆ. ಯಂತ್ರಕ್ಕೂ ಮರ್ಯಾದೆ ಕಲಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಹಳೆಯ ಪ್ರತಿಗಳನ್ನು ಎಷ್ಟು ಕಾಲ ಇಡಬೇಕು? ಇಲ್ಲಿ ಖರ್ಚಿನ ಪ್ರಶ್ನೆ ಬರುತ್ತದೆ. ರೇಡಿಯೋ ಕೇಳುವವರಿಗೆ ಟೇಪಿನ ವಿಷಯ ಹೇಳಬೇಕಾದದ್ದಿಲ್ಲ. ಮೇಲೆ ಮತ್ತೊಂದು ಧ್ವನಿಯನ್ನು ಮುದ್ರಿಸಿದರೆ ಹಿಂದಿನದು ಹೋಯಿತು. ೧೯೬೯ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಚಿತ್ರಸಂಕೇತ ಟೆಲಿವಿಷನ್ನಿಗೆ ಹೊಂದುವಂಥದಾಗಿರಲಿಲ್ಲ. ಭೂಮಿಯ ಮೇಲಿನ ಕೇಂದ್ರಗಳಲ್ಲಿ ಅದನ್ನು ಪರಿವರ್ತಿಸಿ ಲೋಕಕ್ಕೆ ತೋರಿಸಿದರು. ಪರಿವರ್ತನೆಯಲ್ಲಿ ಚಿತ್ರ ಮಸುಕಾಯಿತು. ಮೂಲ ಸಂಕೇತವನ್ನು, ನೇರ ಪ್ರಸಾರ ಕೆಟ್ಟರೆ ಇರಲಿ ಎಂದು, ಟೇಪುಗಳಲ್ಲಿ ಹಿಡಿದಿಟ್ಟರು. ಪ್ರಸಾರ ಕೆಡಲಿಲ್ಲ, ಆದ್ದರಿಂದ ಟೇಪುಗಳನ್ನು ಯಾರೂ ಕೇಳಲಿಲ್ಲ. ಮುಂದೆ ಟೇಪಿಗೆ ಅಭಾವ ಬಂದಾಗ ಸಾವಿರಾರು ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದರು. ಆ ಮೂಲವೂ ಅವುಗಳೊಂದಿಗೆ ಹೋಗಿರಬೇಕೆಂದು, ವರ್ಷಗಟ್ಟಲೆ ಹುಡುಕಿದ ಮೇಲೆ, ೨೦೦೯ರಲ್ಲಿ ನಾಸಾ ಸಂಸ್ಥೆ ಹೇಳಿತು. ಅಳಿಸಿದವನು ದುಷ್ಟನಲ್ಲ, ಮಿತವ್ಯಯಿ. ಅವನ ಕೈಗೆ ಸಿಕ್ಕಿದ್ದು ಹಳೆಯ ಟೇಪು, ಅಷ್ಟೆ.

ಇಂದು ಜಾಗ ಅಗ್ಗವಾಗಿದೆ. ಆದರೂ ಎಲ್ಲವನ್ನೂ ಎಂದೆಂದಿಗೂ ಇಡಬೇಕೆಂದು ನಾನು ಹೇಳುವುದಿಲ್ಲ. ಮೂಲದಿಂದ ಮತ್ತೆ ಕಟ್ಟಬಹುದಾದದ್ದು ಹೋದರೆ ಹೋಗಲಿ. ಕೈ ಸೋಂಕಿದ್ದು ಹೋಗಬಾರದು. ನಮ್ಮ ಏರ್ಪಾಟಿನಲ್ಲಿ ಈಗ ಕೊನೆಯ ಇಪ್ಪತ್ತು ಪ್ರತಿಗಳಿರುತ್ತವೆ. ತಿಂಗಳಿಗೊಂದು ಮಾತ್ರ ಪೆನ್ ಡ್ರೈವಿಗೆ ಹೋಗಿ ಶಾಲೆಯ ಬೀರುವಿನಲ್ಲಿ ಉಳಿಯುತ್ತದೆ.

ಕಾದಿಟ್ಟದ್ದು ನಿಜವಾಗಿ ಇದೆಯೋ ಎಂದು ನೋಡುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ದೊಡ್ಡವರೂ ಮರೆತಿದ್ದಾರೆ. ೧೯೯೮ರಲ್ಲಿ ಪಿಕ್ಸಾರ್ ಸಂಸ್ಥೆಯವರು 'ಟಾಯ್ ಸ್ಟೋರಿ ೨' ಎಂಬ ಮಕ್ಕಳ ಚಿತ್ರವನ್ನು ತಯಾರಿಸುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ನೂರಕ್ಕೆ ತೊಂಬತ್ತರಷ್ಟು ಭಾಗ ಅಳಿಸಿಹೋಯಿತು. ಕಾದಿಟ್ಟ ಪ್ರತಿಗಳನ್ನು ತೆಗೆದು ನೋಡಿದರೆ ಅವು ಕೆಟ್ಟಿದ್ದವು. ಕೆಟ್ಟದ್ದು ಯಾರಿಗೂ ತಿಳಿದಿರಲಿಲ್ಲ. ಅಲ್ಲಿ ಹಿರಿಯ ಹುದ್ದೆಯಲ್ಲಿದ್ದ ಗ್ಯಾಲಿನ್ ಸೂಸ್‌ಮನ್ ಎಂಬ ಮಹಿಳೆ ಆಗ ಹಸುಗೂಸಿನ ತಾಯಿ; ಮನೆಯಿಂದಲೇ ಕೆಲಸಮಾಡುವುದಕ್ಕೆಂದು ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ತಂದ ಹಾಗೆ ಕಾರಿನಲ್ಲಿ ತಂದರಂತೆ. ಚಿತ್ರ ಮರುವರ್ಷ ತೆರೆಕಂಡಿತು.

ನಮ್ಮ ಮನೆಗಳಲ್ಲಿ ನಿಘಂಟು ಕಟ್ಟುವವರು ಕಡಮೆ, ನಿಜ. ಆದರೆ ಹೋದ ವರ್ಷದ ಖರ್ಚಿನ ಪಟ್ಟಿಯನ್ನು ತೆರೆದು, ಅದರ ಮೇಲೆ ಈ ವರ್ಷದ್ದನ್ನು ತುಂಬಿ, ಅದೇ ಹೆಸರಿನಲ್ಲಿ ಉಳಿಸಿ ಹೋದ ವರ್ಷವನ್ನು ಕಳೆದುಕೊಳ್ಳದ ಮನೆ ಯಾವುದು? 'ಸೇವ್' ಎಂಬುದಕ್ಕೂ 'ಸೇವ್ ಆಸ್' ಎಂಬುದಕ್ಕೂ ಇರುವ ಅಂತರ ಇಷ್ಟೇ: ಒಂದು ಒರಸಿ ಬರೆಯುತ್ತದೆ, ಇನ್ನೊಂದು ಹೊಸ ಓಲೆಯನ್ನು ತೆಗೆದುಕೊಳ್ಳುತ್ತದೆ. ಮೊಬೈಲಿನಲ್ಲಿರುವುದೆಲ್ಲ ತಾನಾಗಿ ಅಂತರಜಾಲಕ್ಕೆ ನಕಲಾಗುತ್ತದೆ, ಭಯವಿಲ್ಲ ಎನ್ನುವವರೂ ಉಂಟು. ಒಂದರಲ್ಲಿ ಆದದ್ದನ್ನು ಇನ್ನೊಂದರಲ್ಲಿ ಹಾಗೆಯೇ ಮಾಡುವ ಏರ್ಪಾಟಾದರೆ ಅದು ಕನ್ನಡಿ. ಇಲ್ಲಿ ಒರಸಿದ್ದು ಅಲ್ಲಿಯೂ ಒರಸಿಹೋಗುತ್ತದೆ. ಹಿಂದಿನ ಆವೃತ್ತಿಗಳನ್ನು ಅದು ಉಳಿಸುತ್ತದೆಯೆ, ಎಷ್ಟು ದಿವಸ ಉಳಿಸುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ನನ್ನ ಹನ್ನೊಂದು ಮಾತುಗಳ ವಿಷಯ ಹೇಳುವುದು ಉಳಿಯಿತು. ಪರದೆ ನೋಡಿ ಕಣ್ಣು ನೊಂದದ್ದರಿಂದ, ಕೊನೆಯ ವಾರದಲ್ಲಿ ಪುಸ್ತಕದ ಮೊದಲ ಭಾಗವನ್ನು, ಅಕಾರದಿಂದ ಚವರ್ಗದವರೆಗೆ, ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡಿದ್ದೆ. ಅದು ಮಂಚದ ಕೆಳಗೆ ಸಿಕ್ಕಿತು. ಅದರಲ್ಲಿ ಐದು ಮಾತುಗಳಿದ್ದವು. ಉಳಿದ ಆರಕ್ಕಾಗಿ ಆ ಹಿರಿಯರ ತಮ್ಮನವರನ್ನು ನೋಡಲು ಹೋದೆ. ಅವರು ಕಪಿಲೆ ಹೊಡೆದವರಲ್ಲ, ಚಿಕ್ಕಂದಿನಲ್ಲಿ ಅಣ್ಣನಿಗೆ ಬುತ್ತಿ ಕೊಂಡೊಯ್ದವರು. ಎರಡು ಮಾತು ಅವರಿಗೆ ಕೂಡಲೆ ನೆನಪಾದವು. ಮೂರನೆಯದನ್ನು, ಊಟಕ್ಕೆ ಎದ್ದವರು ಬಾಗಿಲಲ್ಲಿ ನಿಂತು, ಅಣ್ಣನ ದನಿಯಲ್ಲೇ ಕೂಗಿ ತೋರಿಸಿದರು. ನಿಘಂಟು ಈಗ ಅಚ್ಚಿನಲ್ಲಿದೆ. ಕಪಿಲೆ ಎಂಬ ಮಾತಿನ ಕೆಳಗೆ ಮೂರು ಸಾಲಿನಷ್ಟು ಜಾಗವನ್ನು ಖಾಲಿ ಬಿಡಿಸಿದ್ದೇನೆ.